ನಫೀಸಾ ಸುಳ್ಳು ಹೇಳಿರಲಿಲ್ಲ

ನಫೀಸಾ, ನಿನ್ನ ಎಣಿಕೆ ತಪ್ಪಿರಲಿಲ್ಲ. ಸುಳ್ಳು ಬರೆದವಳು ನಾನು.

ಅಬುಧಾಬಿಯ ಆ ಲ್ಯಾಬಿನಲ್ಲಿ ನೀನು ಪಿಎಚ್‌ಡಿ ಮಾಡುತ್ತಿದ್ದೆ, ನಾನು ಮೀನು ಸಾಕುವ ಟೆಕ್ನಿಷಿಯನ್. ನೀನು ಭಟ್ಕಳದವಳು, ನಾನು ಕುಂದಾಪುರದ ಕೊಂಕಣಿ ಕ್ರಿಶ್ಚಿಯನ್ — ಊರ ಕಡೆಯವಳೆಂದು ಮೊದಲ ದಿನವೇ ನನ್ನನ್ನು ಅಕ್ಕ ಎಂದೆ. ಮೀನಿನ ಮೊಟ್ಟೆಯೊಳಗಿನ ಮರಿಯಲ್ಲಿ ಮೊದಲ ರಕ್ತ ಹೇಗೆ ಹುಟ್ಟುತ್ತದೆ, ಜೀನುಗಳ ಮೇಲೆ ಕೂರುವ ಸಣ್ಣ ರಾಸಾಯನಿಕ ಗುರುತುಗಳು ಯಾವ ಕೋಶ ರಕ್ತವಾಗಬೇಕೆಂದು ಹೇಗೆ ತೀರ್ಮಾನಿಸುತ್ತವೆ — ನನ್ನ ದಡ್ಡತಲೆಗೂ ಹೋಗುವಂತೆ ನೀನೇ ಹೇಳಿಕೊಟ್ಟೆ. ಆ ಗುರುತು ಬೀಳದ ಮರಿಗಳು ಒಂದು ತಟ್ಟೆಯಲ್ಲಿ, ಸಾಮಾನ್ಯ ಮರಿಗಳು ಇನ್ನೊಂದರಲ್ಲಿ. ಒಂದೊಂದೇ ಮರಿಯ ಪೊರೆಯನ್ನು ಚಿಮುಟದಿಂದ ಸುಲಿದು, ಎರಡೂ ತಟ್ಟೆಯವನ್ನು ಒಂದೇ ಹೊತ್ತಿಗೆ ಫಾರ್ಮಲಿನ್‌ಗೆ ಹಾಕಿ ಬೆಳವಣಿಗೆ ನಿಲ್ಲಿಸುವುದು ನನ್ನ ಕೆಲಸ.

ಅವತ್ತು ಮೊಂತಿ ಫೆಸ್ತ್, ನಮ್ಮ ತೆನೆಹಬ್ಬ. ಹೊಸ ತೆನೆಯ ಊಟ. ಮನೆಯವರೆಲ್ಲ ಕೂರದೆ ಯಾರೂ ತುತ್ತು ಎತ್ತುವಂತಿಲ್ಲ. ಗುರುತಿಲ್ಲದ ಮರಿಗಳನ್ನು ಫಾರ್ಮಲಿನ್‌ಗೆ ಹಾಕಿ ಮುಗಿಯುವಾಗಲೇ ಖಲೀಫಾ ಸಿಟಿಯ ಮನೆಯಿಂದ ಗಂಡನ ಫೋನು: "ಅಮ್ಮ ಹಸಿದು ಕೂತಿದ್ದಾರೆ, ಇನ್ನೂ ಎಷ್ಟೊತ್ತು ಮಾರಾಯ್ತಿ?" ಹೋದೆ. ಒಂದು ಗಂಟೆಯಲ್ಲಿ ಬರುತ್ತೇನೆಂದುಕೊಂಡವಳು ಬಂದದ್ದು ನಾಲ್ಕು ಗಂಟೆ ಬಿಟ್ಟು. ಸಾಮಾನ್ಯ ಮರಿಗಳು ಅಷ್ಟೂ ಹೊತ್ತು ಬೆಳೆಯುತ್ತಲೇ ಇದ್ದವು. ಅವನ್ನು ಆಗ ಫಾರ್ಮಲಿನ್‌ಗೆ ಹಾಕಿ, ಪುಸ್ತಕದಲ್ಲಿ ಎರಡಕ್ಕೂ ಒಂದೇ ಸಮಯ ಬರೆದೆ. ಮೀನಿನ ಮರಿಗೆ ನಾಲ್ಕು ಗಂಟೆ ಏನು ಮಹಾ ಎಂದು — ಅಯ್ಯೋ, ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ನೀನು ಎಣಿಸಿದಾಗ ಸಾಮಾನ್ಯ ಮರಿಗಳಲ್ಲಿ ರಕ್ತದ ಮೂಲಕೋಶಗಳು ಎರಡರಷ್ಟು ಕಂಡವು. ಗುರುತಿಲ್ಲದಿದ್ದರೆ ರಕ್ತ ಕುಂಠಿತವಾಗುತ್ತದೆ, ಸಿಕ್ಕಿತು ಅಕ್ಕ ಎಂದು ನೀನು ಕುಣಿದೆ, ನನ್ನನ್ನು ತಬ್ಬಿಕೊಂಡೆ. ಆಗಲಾದರೂ… ಇಲ್ಲ, ಹೇಳಲಿಲ್ಲ. ಆಮೇಲೆ ಎಷ್ಟು ಸಲ ಮಾಡಿದರೂ ಆ ವ್ಯತ್ಯಾಸ ಬರಲಿಲ್ಲ. ನೀನು ಅಂಕಿಗಳನ್ನು ತಿದ್ದಿದ್ದೀಯೆಂಬ ಮಾತೆದ್ದಿತು. ಪ್ರೊಫೆಸರು ನಿನ್ನೆದುರೇ ನನ್ನನ್ನು ಕೇಳಿದರು: "ಎರಡೂ ತಟ್ಟೆ ಒಂದೇ ಹೊತ್ತಿಗೆ ಫಾರ್ಮಲಿನ್‌ಗೆ ಹಾಕಿದ್ದಾ?"

"ಹೌದು ಸರ್. ಬರೆದ ಹಾಗೆಯೇ."

ನೌಕರಿ ಹೋದರೆ ವೀಸಾ ಹೋಗುತ್ತದೆ, ಮಗಳ ಶಾಲೆ ಹೋಗುತ್ತದೆ — ಎಂದೆಲ್ಲ ಯೋಚಿಸಿದೆನೇ? ಅದೂ ಇಲ್ಲ. ಬಾಯಿ ತಾನಾಗಿ ಹೇಳಿಬಿಟ್ಟಿತು. ನಿನ್ನ ನಾಲ್ಕು ವರ್ಷದ ಓದು ಅಲ್ಲಿಗೇ ಖಲಾಸ್. ನಾಳೆ ನಾನು ಪ್ರೊಫೆಸರಿಗೆ ಎಲ್ಲವನ್ನೂ ಬರೆದು ಕೊಟ್ಟರೂ ಆ ವರ್ಷಗಳು ನಿನಗೆ ಸಿಗುವುದಿಲ್ಲ.

ಕಳೆದ ತಿಂಗಳು ಬರ್ ದುಬೈಯಲ್ಲಿ ನೀನೀಗ ಕೆಲಸಕ್ಕಿರುವ ನಿನ್ನ ಅಣ್ಣನ ಬಟ್ಟೆ ಅಂಗಡಿಗೆ ಬಂದೆ. ಹೇಳಲೆಂದೇ ಬಂದಿದ್ದೆ. ನೀನು ಸ್ಟೂಲು ಎಳೆದುಕೊಟ್ಟೆ, ಸುಲೈಮಾನಿ ಚಹಾ ತರಿಸಿದೆ.

"ನನ್ನ ಕಣ್ಣೇ ಸರಿ ಇರ್ಲಿಲ್ಲ ಅಕ್ಕ," ಎಂದೆ ನೀನು. "ಬೇಕಾದ್ದನ್ನೇ ಎಣಿಸಿದೆ ಅಂತ ಕಾಣ್ತದೆ. ನನ್ನಿಂದ ನಿಮ್ಗೂ ಸುಮ್ನೆ ತೊಂದ್ರೆ ಆಯ್ತು. ಮಾಫ್ ಮಾಡಿ."

ನಾನು ಚಹಾ ಕುಡಿದು ಮುಗಿಸಿದೆ. "ಬಿಡು ಮಾರಾಯ್ತಿ," ಎಂದೆ, "ನಾನು ಅದನ್ನೆಲ್ಲ ಮನಸ್ಸಲ್ಲಿ ಇಟ್ಕೊಂಡಿಲ್ಲ."

ಕ್ಷಮಿಸಿ ಬಂದೆ ನಫೀಸಾ — ನಾನು, ನಿನ್ನನ್ನು.