ಮಕ್ಕಳಾಟ ಎಂದವಳು ನಾನು

ಆ ದಿನ ಹೊಗೆಸೊಪ್ಪು ಬೇಯಿಸುವ ಕಿಟಕಿಯಿಲ್ಲದ ಕೋಣೆ, ಅಂದರೆ ಬ್ಯಾರನ್, ಖಾಲಿಯಾಗಿ ಇನ್ನೂ ಬಿಸಿಯಾರಿರಲಿಲ್ಲ ಎಂದು ಫೋನಿನಲ್ಲಿ ಕೇಳಿದ ನೆನಪು. ಇಲ್ಲ, ಹಿಂದಿನ ದಿನವೇ ಸೊಪ್ಪು ಇಳಿಸಿ ಆಗಿತ್ತು ಎಂದು ಅತ್ತಿಗೆ ಹೇಳುತ್ತಾರೆ. ನನ್ನ ತಂಗಿಯ ಮಗಳು ಭೂಮಿ ಅದರೊಳಗಿಂದ ಹೊರಗೆ ಬಂದಾಗ ಅಳುತ್ತಿದ್ದಳೋ, ಅಳು ಮುಗಿಸಿ ಸುಮ್ಮನಾಗಿದ್ದಳೋ, ಅದೂ ಖಚಿತವಿಲ್ಲ. ನನ್ನ ನೆನಪು ತನಗೆ ಅನುಕೂಲವಾದದ್ದನ್ನಷ್ಟೇ ಜೋಪಾನ ಮಾಡುತ್ತದೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನೀವೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ.

ಪಿರಿಯಾಪಟ್ಟಣದ ಬಳಿಯ ನಮ್ಮ ತವರಿನಲ್ಲಿ ಸೊಪ್ಪಿನ ಕಾಲ ಬಂತೆಂದರೆ ಮನೆಮಂದಿಯೆಲ್ಲ ಚಪ್ಪರದ ಕೆಳಗೆ ಕೂತು ಹಸಿ ಎಲೆಗಳನ್ನು ಕೋಲಿಗೆ ಕಟ್ಟುತ್ತಾರೆ. ಮಕ್ಕಳು ಎಲೆ ಜೋಡಿಸಿ ಕೊಡಬೇಕು. ಅವರಲ್ಲಿ ಹಿರಿಯದಕ್ಕೆ ಉಳಿದವರ ಮೇಲೆ ಮೇಸ್ತ್ರಿಕೆ. ಯಾರು ಎದ್ದು ಹೋದರು, ಯಾರು ಮೈಗಳ್ಳತನ ಮಾಡಿದರು ಎಂದು ನೋಡಿಕೊಳ್ಳುವುದರ ಜೊತೆಗೆ ಗದರುವ ಅಧಿಕಾರವೂ ಅದಕ್ಕುಂಟು. ಈಗ ಆ ಪಟ್ಟ ಅಣ್ಣನ ಮಗ, ಹದಿನಾಲ್ಕರ ಚೇತನನದು. ದಸರಾ ರಜೆಗೆ ಹೋಗಿದ್ದ ಭೂಮಿಗೆ ಎಂಟು ವರ್ಷ. ಕೆಲಸದ ನಡುವೆ ಎದ್ದಳೆಂದು ಅವನು ಅವಳನ್ನು ಬ್ಯಾರನ್ನಿನ ಕತ್ತಲೆಗೆ ತಳ್ಳಿ ಚಿಲಕ ಹಾಕಿದ. ಯಾರಿಗಾದರೂ ಹೇಳಿದರೆ ಮತ್ತೆ ಕೂಡಿಹಾಕಿ ಬ್ಯಾರನ್ನಿನ ಒಲೆಗೆ ಬೆಂಕಿ ಹಾಕುವುದಾಗಿ ಹೆದರಿಸಿದ. ಅದು ಮೊದಲ ಸಲವೂ ಆಗಿರಲಿಲ್ಲ.

ನಾನು ಮೈಸೂರಿನಲ್ಲಿ ಸಮಾಜಕಾರ್ಯ ಓದಿ, ಹುಣಸೂರು, ಕೆ.ಆರ್. ನಗರಗಳ ಶಿಕ್ಷಕರಿಗೂ ಅಂಗನವಾಡಿಯವರಿಗೂ ಮಕ್ಕಳ ರಕ್ಷಣೆಯ ಬಗ್ಗೆ ತರಬೇತಿ ಕೊಡುವವಳು. ಮಕ್ಕಳ ನಡುವೆ ನಡೆದದ್ದು ತುಂಟತನವೋ ಹಾನಿಯೋ ಎಂದು ತಿಳಿಯಲು ವಯಸ್ಸಿನ ಅಂತರ ನೋಡಿ, ಬಲದ ಅಂತರ ನೋಡಿ, ಮತ್ತೆ ಮತ್ತೆ ನಡೆಯುತ್ತಿದೆಯೇ, ಬೆದರಿಸಿ ಗುಟ್ಟು ಮಾಡಿಸಿದ್ದಾರೆಯೇ ಎಂದು ಕೇಳಿ, ಎಲ್ಲಕ್ಕಿಂತ ಮೊದಲು ಆ ಇನ್ನೊಂದು ಮಗುವಿಗೂ ಅದು ಆಟವೇ ಆಗಿತ್ತೇ ಎಂದು ವಿಚಾರಿಸಿ ಎಂಬುದನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಆದರೆ ತಂಗಿ ಫೋನಿನಲ್ಲಿ, "ಅಕ್ಕ, ನೀನು ಓದ್ದೋಳು, ನೀನೇ ಹೇಳು. ಇನ್ನೊಂದ್ ವಾರ ಅಲ್ಲೇ ಬುಡ್ಲಾ, ಕರ್ಕೊಂಡ್ ಬರ್ಲಾ?" ಎಂದಾಗ ನನ್ನ ಕಣ್ಣ ಮುಂದೆ ಬಂದದ್ದು ಅಣ್ಣನ ಮುಖ.

"ಮಕ್ಕಳಾಟ ಕಣೆ, ಇರ್ಲಿ ಬುಡು," ಎಂದೆ. ಭೂಮಿ ಅಲ್ಲೇ ಉಳಿದಳು. ಆ ವಾರ ಚಿಲಕ ಇನ್ನೊಮ್ಮೆ ಬಿತ್ತು.

ಮಗುವಿಗೆ ಹಣೆಪಟ್ಟಿ ಹಚ್ಚಬೇಡಿ, ನಡವಳಿಕೆಗೆ ಹೆಸರಿಡಿ ಎಂಬುದು ನಮ್ಮ ವೃತ್ತಿಯ ಒಳ್ಳೆಯ ಮಾತು. ಬೆಳೆಯುವ ಹುಡುಗನ ಬದುಕು ಒಂದು ಪದದ ಕೆಳಗೆ ನಜ್ಜುಗುಜ್ಜಾಗದಿರಲಿ ಎಂಬ ಕರುಣೆ ಅದರಲ್ಲಿದೆ. ಆ ಕರುಣೆಯನ್ನು ನಾನು ಮನೆಯ ಮರ್ಯಾದೆಗೆ ಹೊದಿಸಿದೆ. ಹುಡುಗನಿಗೂ ಹೆಸರಿಡಲಿಲ್ಲ, ನಡವಳಿಕೆಗೂ ಇಡಲಿಲ್ಲ. ಹೆಸರಿಲ್ಲದ್ದರಿಂದ ಎಲ್ಲರ ಪಾಲಿಗೂ ಅದು ನಡೆಯಲೇ ಇಲ್ಲ ಎಂಬಂತಾಯಿತು, ಭೂಮಿಯೊಬ್ಬಳನ್ನು ಬಿಟ್ಟು. ಅವಳೀಗ ಬಚ್ಚಲಿನ ಬಾಗಿಲು ಹಾಕಿಕೊಳ್ಳುವುದಿಲ್ಲ. 'ಬಲದ ಅಂತರ' ಎಂದು ಬೋರ್ಡಿನ ಮೇಲೆ ಬರೆಯುವಾಗ ತಲೆ ತಗ್ಗಿಸುವಂತಾಗುತ್ತದೆ. ಆ ಬಲವನ್ನು ಚಪ್ಪರದ ಕೆಳಗೆ ಚೇತನನ ಕೈಗೆ ಕೊಟ್ಟವರು ನಾವೇ ಅಲ್ಲವೆ?

ಹೋದ ಭಾನುವಾರ ತವರಿಗೆ ಹೋಗಿ, ನಡೆದದ್ದು ಆಟವಲ್ಲ, ಭೂಮಿಯನ್ನು ಇನ್ನು ಕಳಿಸುವುದಿಲ್ಲ ಎಂದು ಹೇಳಿದೆ. ಅಣ್ಣ ನಕ್ಕ. "ನಿನ್ ಟ್ರೈನಿಂಗ್‌ನೆಲ್ಲ ನಮ್ಮನೇಗೆ ತರಬ್ಯಾಡ ಕಣವ್ವ. ಐಕ್ಳು ಅಂದ್ಮೇಲೆ ಇದ್ದದ್ದೇ." ಬ್ಯಾರನ್ನಿಗೆ ಸೊಪ್ಪು ಏರಿಸುತ್ತಿದ್ದರು. ಚೇತನ ಕೋಲುಗಳನ್ನು ಬಾಗಿಲವರೆಗೆ ತರುತ್ತಿದ್ದ. ಅಲ್ಲಿಂದ ಕೈ ಚಾಚಿ ಕೊಟ್ಟು ತಿರುಗುತ್ತಿದ್ದ. ಒಳಗೆ ಬಾರೋ ಎಂದು ಅಣ್ಣ ಕೂಗಿದಾಗಲೂ ಹೊಸ್ತಿಲು ದಾಟಲಿಲ್ಲ. ಅವನನ್ನೇ ನೋಡುತ್ತ ನಿಂತವಳು ಅಣ್ಣನ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. ಅಣ್ಣನ ಕೈಯಲ್ಲಿನ ಕೋಲು ಗಕ್ಕನೆ ನಿಂತಿತು.

"ಅಣ್ಣ, ಇವನನ್ನೂ ಯಾರಾದ್ರೂ ಒಳಗ್ ಕೂಡಾಕಿದ್ರಾ?"