ಭಂಡಾರ ಮುಟ್ಟಿದರೂ ಉಳಿದ ಕೇಸು

ಹೊಸದುರ್ಗದ ನಮ್ಮ ಬೀದಿಯಲ್ಲಿ ಬರಗೇರಮ್ಮನ ಹಿಟ್ಟಿನ ಗಿರಣಿ ಇತ್ತು. ಬಾಗೂರಿನವಳು. ಗಂಡ ತೀರಿದ ಮೇಲೆ ಬೆಲ್ಟು ಬದಲಿಸುವುದನ್ನೂ ಸವೆದ ಬೀಸುಕಲ್ಲಿಗೆ ಉಳಿ ಹಾಕುವುದನ್ನೂ ತಾನೇ ಕಲಿತಳು.

ಹೋದ ವರ್ಷ ರಸ್ತೆ ಅಗಲ ಮಾಡಲು ಗಿರಣಿಯಿದ್ದ ಮುಂಭಾಗ ಒಡೆಯುವುದೆಂದಾಯಿತು. ಹಿಂದಿನ ಬೀದಿಯಲ್ಲಿ ಅನುಪಮಾ ಟೀಚರ ಮಳಿಗೆ ಖಾಲಿ ಇತ್ತು. ಕೇಳಲು ನಾನೂ ಜೊತೆಗೆ ಹೋದೆ. ಟೀಚರು ಹೆಸರು ಕೇಳಿ ಮೊಬೈಲಿನಲ್ಲಿ ಹುಡುಕಿದರು.

“ಬಾಡಿಗೆ ಕೋರ್ಟಿನ ದಾಖಲೆಯಲ್ಲಿ ನಿಮ್ಮ ಮೇಲೆ ತೆರವಿನ ಆದೇಶ ಇದೆಯಲ್ಲಮ್ಮಾ! ಹೇಗೆ ಕೊಡಲಿ?”

“ನನ್ನ ಖಾಲಿ ಮಾಡ್ಸಿದ್ರೆ ಇವತ್ತೂ ಅದೇ ಗಿರಣೀಲಿ ಹೆಂಗ್ ಕುಂತಿರ್ತಿದ್ದೆ ಟೀಚರೆ? ಸ್ವಲ್ಪ ತಡೀರಿ. ಸರಿ ಮಾಡಿಸ್ಕಂಡೇ ಬತ್ತೀನಿ.”

ಹಿಟ್ಟಿನ ಧೂಳು ಹಿಂದಿರುವ ತಮ್ಮ ಮನೆಗೆ ಬರುತ್ತದೆಂದು ಗಿರಣಿ ಕಟ್ಟಡದ ಮಾಲೀಕ ಗೋವಿಂದಪ್ಪನವರು ಎಂದೋ ಹಾಕಿದ್ದ ಕೇಸು ಅದು. ಆಮೇಲೆ ಕುಲದ ಹಿರಿಯರು ಇಬ್ಬರನ್ನೂ ಬೀರಪ್ಪನ ಗುಡಿಗೆ ಕರೆದರು. ಧೂಳಿಗೆ ತಡೆ ಕಟ್ಟಿಸುತ್ತೇನೆಂದು ಇವಳು, ಆಗಲಿ ಎಂದು ಅವರು ಭಂಡಾರ ಮುಟ್ಟಿ ಹಣೆಗಿಟ್ಟುಕೊಂಡರು. ದೇವರ ಆ ಅರಿಶಿನ ಹಣೆಗೇರಿದ ಮೇಲೆ ಜಗಳದ ಮಾತನ್ನು ಎಲ್ಲೂ ಎತ್ತಬಾರದು. ಇಬ್ಬರೂ ಎತ್ತಲಿಲ್ಲ, ವಕೀಲರ ಹತ್ತಿರವೂ. ಇವಳು ಕೋರ್ಟಿಗೆ ಹೋಗುವುದನ್ನೇ ಬಿಟ್ಟಳು. ಗೋವಿಂದಪ್ಪನವರ ವಕೀಲರು ತಮ್ಮ ಪಾಡಿಗೆ ಕೇಸು ನಡೆಸಿ ಗೆದ್ದರು. ಗೋವಿಂದಪ್ಪನವರು ಅದನ್ನು ಕಿವಿಗೂ ಹಾಕಿಕೊಳ್ಳಲಿಲ್ಲ.

ವಕೀಲ ರಾಜಶೇಖರ್ ನಮಗೆ ಬಿಡಿಸಿ ಹೇಳಿದರು: ವೆಬ್‌ಸೈಟಿನಲ್ಲಿ ತಾನಾಗಿ ಏನೂ ಅಳಿಯುವುದಿಲ್ಲ; ರಾಜಿಯಾಗಿದೆ ಎಂದು ಗೋವಿಂದಪ್ಪನವರೇ ಬಂದು ಹೇಳಿದರೆ ಕೋರ್ಟು ಆದೇಶ ರದ್ದು ಮಾಡಬಹುದು, ಆಗ ದಾಖಲೆಯೂ ಬದಲಾಗುತ್ತದೆ.

ಗೋವಿಂದಪ್ಪನವರು ಸಿಡುಕಿದರು. “ಲೇ ಬರಗೇರಿ, ಭಂಡಾರ ಮುಟ್ಟಿದ ಮಾತು ಮತ್ತೆ ಎತ್ತಿಸ್ತೀಯೇನಲೇ? ನನ್ನ ನಾಲ್ಗೆ ಬಿದ್ದೋಗ್ಲಿ ಅಂತಾನಾ?”

“ನಿನ್ ನಾಲ್ಗೆ ಗಟ್ಟಿ ಐತೆ ಬಿಡು ಮಾವ, ಅಷ್ಟು ಸುಲಭಕ್ಕೆ ಬೀಳಲ್ಲ. ಜಗಳ ಎತ್ತಬ್ಯಾಡ, ಮುಗುದೈತೆ ಅಂತ ಹೇಳು. ಬೀರಪ್ಪನ ಮುಂದೆ ಒಂದು, ಫೋನಿನಾಗೆ ಒಂದು ಇರಬೌದಾ?”

ಅವರು ಮರುದಿನ ಗುಡಿಗೆ ಹೋಗಿ ಕೈಮುಗಿದು ಬಂದು, “ಹೋಗಾಣ ನಡಿ” ಎಂದರು.

“ಇಷ್ಟು ವರ್ಷ ಯಾಕೆ ತಿಳಿಸಲಿಲ್ಲ?” ಎಂದು ನ್ಯಾಯಾಧೀಶರು ಕೇಳಿದರು.

“ಮುಗಿದಿದ್ದನ್ನ ಯಾರಾನ ಮಾತಾಡ್ತಾರಾ ಸ್ವಾಮಿ?” ಎಂದರು ಗೋವಿಂದಪ್ಪನವರು.

ವಾಯಿದೆಗಳು ಕಳೆದು ಆದೇಶ ರದ್ದಾಯಿತು. ಫೋನಿನಲ್ಲಿ ಮಾತ್ರ ಹಳೆಯದೇ ಕಾಣುತ್ತಿತ್ತು. ಬರಗೇರಮ್ಮ ಹೊಸ ಆದೇಶದ ನಕಲು ಹಿಡಿದು ನನ್ನನ್ನೂ ಕರೆದುಕೊಂಡು ಕೋರ್ಟಿನ ಕಚೇರಿಗೆ ಹೋದಳು.

“ಆಗ್ತದೆ, ಹೋಗ್ರಿ” ಎಂದರು ಗುಮಾಸ್ತರು.

“ಆಗ್ಲಿ ಬಿಡ್ರಿ. ಇಲ್ಲೇ ಕುಂತಿರ್ತೀನಿ.”

ಮಧ್ಯಾಹ್ನ ಬುತ್ತಿ ಬಿಚ್ಚಿ ಅವರಿಗೂ ಒಂದು ರೊಟ್ಟಿ ಕೊಟ್ಟಳು. ಸಂಜೆ ಬಾಗಿಲು ಹಾಕುವ ಮೊದಲು “ರಾಜಿಯಾಗಿ ಮುಕ್ತಾಯ” ಎಂದು ದಾಖಲೆಯಲ್ಲಿ ಬಂತು. ನಾನು ಮನಸ್ಸಿನಲ್ಲೇ ಬೀರಪ್ಪನಿಗೆ ಕೈಮುಗಿದೆ.

ಅನುಪಮಾ ಟೀಚರು ಅದನ್ನು ಓದಿ ಒಳಗಿನಿಂದ ಬೀಗದ ಕೈ ತಂದರು. ಬರಗೇರಮ್ಮ ಕೈ ಚಾಚಲಿಲ್ಲ.

“ಮೊದ್ಲು ಕರಾರು ಬರೀರಿ ಟೀಚರೆ. ನಾಳೆ ನಮ್ಮಿಬ್ರಿಗೆ ಜಗಳ ಬಂದು ರಾಜಿ ಆದ್ರೆ, ಕೋರ್ಟಿಗೂ ಒಂದು ಮಾತು ಹೇಳಾಣ.”