ಮಾರ್ಚ್ ತಿಂಗಳ ಹಿಮ

ಸಿಂಗಪುರದ ಸೆಕೆಯಲ್ಲಿ ಕುಳಿತು ದಿನವೂ ಜಪಾನಿನ ಒಂದು ಬೆಟ್ಟವನ್ನು ನೋಡುವ ಚಟ ಆ ವರ್ಷ ನನಗೆ ಹತ್ತಿಕೊಂಡಿತ್ತು. ಒನ್-ನಾರ್ತ್ ಬಡಾವಣೆಯ ಆಫೀಸಿನಲ್ಲಿ ಮಧ್ಯಾಹ್ನ ಊಟದ ಡಬ್ಬಿ ತೆರೆದಿಟ್ಟು, ಎಡಗೈಯಲ್ಲಿ ಫೋನು ಹಿಡಿದು, ಆ ಬೆಟ್ಟದ ಮೇಲಿನ ಕ್ಯಾಮೆರಾ ಕಳಿಸುವ ಚಿತ್ರವನ್ನು ದಿಟ್ಟಿಸುತ್ತಿದ್ದೆ. ಮದುವೆಗೆ ಮುಂಚೆ ಹೆಣ್ಣಿನ ಕಡೆಯವರು ಕಳಿಸಿದ ಫೋಟೊವನ್ನೂ ನಾನು ಇಷ್ಟು ಶ್ರದ್ಧೆಯಿಂದ ನೋಡಿದವನಲ್ಲ. ಬಿಳಿ ಇರಬೇಕಾದ ಕಡೆ ಕಂದು ತೇಪೆಗಳು. ದಿನ ಕಳೆದಂತೆ ತೇಪೆಗಳು ಬೆಳೆದವು, ಬಿಳಿ ಸವೆಯಿತು.

ಹಿಮದ ಮೇಲೆ ಜಾರುವ ಈ ಸ್ಕೀಯಿಂಗ್ ನನ್ನ ಆಸೆಯಲ್ಲ. ಸಮತಟ್ಟಾದ ನೆಲದ ಮೇಲೆ ಚಪ್ಪಲಿ ಮೆಟ್ಟಿ ನಡೆಯುವುದೇ ನನಗೆ ಸಾಕಷ್ಟು ಸಾಹಸ. ಆಸೆ ನನ್ನ ಹೆಂಡತಿ ವಸುಧಾಳದು. ಬ್ಯಾಂಕಿನ ಕೆಲಸ, ಮಗಳ ಪರೀಕ್ಷೆ, ಸರದಿ ಹಚ್ಚಿದಂತೆ ಮೈಸೂರಿನಿಂದ ಬಂದಿಳಿಯುವ ನೆಂಟರು, ಇವುಗಳ ನಡುವೆ ಅವಳು ತೀರ ದಣಿದುಹೋಗಿದ್ದಳು. ನಿದ್ದೆ ಮಾಡಿದರೆ ಹೋಗುವ ದಣಿವಲ್ಲ. ಸಂಜೆ ಊಟಕ್ಕೇನು ಎಂದು ಕೇಳಿದರೆ ಕಣ್ಣಲ್ಲಿ ನೀರು ಬರುವಂಥದ್ದು. ಮಾರ್ಚ್ ರಜೆಗೆ ಎಲ್ಲಿಗಾದರೂ ಹೋಗೋಣವೇ ಎಂದೆ.

"ಸ್ನೋ ಇರೋ ಕಡೆ ಬುಕ್ ಮಾಡಿ. ಒಂದ್ಸಲ ಮೇಲಿಂದ ಕೆಳಗೆ ಜಾರ್ಕೊಂಡು ಬರ್ಬೇಕು, ಅಷ್ಟೆ. ಇನ್ನೇನೂ ಬೇಡ" ಎಂದಳು.

ಇಷ್ಟು ವರ್ಷಗಳ ದಾಂಪತ್ಯದಲ್ಲಿ ಅವಳು ತನಗೆಂದು ಬಾಯಿಬಿಟ್ಟು ಕೇಳಿದ್ದು, ನನಗೆ ನೆನಪಿರುವ ಮಟ್ಟಿಗೆ, ಅದೊಂದೇ. ಹಿಮ ಸರಿಯಾಗಿ ಬೀಳದೆ ಹೋದದ್ದೂ ಅದೇ ವರ್ಷ. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಎನ್ನುತ್ತಾರಲ್ಲ, ಬೆಟ್ಟದ ವಿಷಯದಲ್ಲೂ ಆ ಗಾದೆ ಸುಳ್ಳಾಗಲಿಲ್ಲ.

ಇಲ್ಲಿಯ ನಮ್ಮ ಕನ್ನಡ ಬಳಗದಲ್ಲಿ ಚಳಿಯ ಕೋಟನ್ನು ಯಾರೂ ಹೊಸದಾಗಿ ಕೊಳ್ಳುವುದಿಲ್ಲ. ಎಂದೋ ಯಾರೋ ಕೊಂಡ ಕೋಟುಗಳು ಮನೆಯಿಂದ ಮನೆಗೆ ತಿರುಗುತ್ತಿರುತ್ತವೆ. ಅವುಗಳ ತವರು ಆಂಗ್ ಮೋ ಕಿಯೋದಲ್ಲಿರುವ ಸರೋಜಾ ಆಂಟಿಯ ಮನೆ. ಬಾಂಬು ಬಿದ್ದರೆ ಅಡಗಿಕೊಳ್ಳಲೆಂದು ಇಲ್ಲಿಯ ಫ್ಲಾಟುಗಳಲ್ಲಿ ಕಟ್ಟಿಕೊಡುವ ಗಟ್ಟಿ ಗೋಡೆಯ ಕೋಣೆ ಆಂಟಿಗೆ ಉಗ್ರಾಣ. ಅಕ್ಕಿ ಮೂಟೆಯ ಮೇಲೆ ಕೋಟುಗಳ ವಾಸ. ನನಗೆ ಸಿಕ್ಕಿದ್ದಕ್ಕೆ ಹುಳಿಪುಡಿಯ ವಾಸನೆಯಿತ್ತು, ಜೇಬಿನಲ್ಲಿ ಯಾರದೋ ಒಣಶುಂಠಿಯ ಚೂರಿತ್ತು.

"ಮಾರ್ಚಲ್ಲಿ ಹೋಗ್ತಿದೀರಾ? ಡಿಸೆಂಬರಲ್ಲಿ ಹೋದೋರೇ ಸ್ನೋ ಸಾಲ್ದು ಅಂದ್ರು" ಎಂದರು ಆಂಟಿ. ಮರುಕ್ಷಣವೇ, "ಆದ್ರೂ ಥರ್ಮಲ್ಸ್ ಎರಡೆರಡು ಜೊತೆ ಹಾಕ್ಕೊಳಿ. ಚಳೀನ ನಂಬೋಕಾಗಲ್ಲ" ಎಂದು ಒಳಗೆ ತೊಡುವ ಬೆಚ್ಚನೆ ಬಟ್ಟೆಗಳ ಇನ್ನೊಂದು ಗಂಟು ಕೈಗಿಟ್ಟರು.

ಬೆಟ್ಟದ ಸ್ಕೀ ಕೇಂದ್ರದವರ ವರದಿಯಲ್ಲಿ ದಿನವೂ ಒಂದೇ ಮಾತು: ವಸಂತಕಾಲದ ಹಿಮ. ಕೇಳಲು ಎಷ್ಟು ಚೆಂದ! ನಮ್ಮ ಹಳೆಯ ಕಾವ್ಯಗಳಲ್ಲಿ ವಸಂತವನ್ನು ವರ್ಣಿಸದ ಕವಿಗೆ ಮರ್ಯಾದೆಯಿರಲಿಲ್ಲ. ಮಾವು ಚಿಗುರಲೇಬೇಕು, ಕೋಗಿಲೆ ಕೂಗಲೇಬೇಕು. ಹಿಮಾಲಯವನ್ನೂ ಅವರು ಬಿಡಲಿಲ್ಲ, ಅಂಗೈಯಲ್ಲಿ ಹಿಮ ಹಿಡಿದವರು ಅವರಲ್ಲಿ ಎಷ್ಟು ಮಂದಿಯೋ. ಆದರೆ ವಸಂತವೂ ಹಿಮವೂ ಒಂದೇ ಬೆಟ್ಟದಲ್ಲಿ ಕೂಡಿದರೆ ಏನಾಗುತ್ತದೆಂದು ಅವರಾರೂ ಬರೆದದ್ದು ನಾನು ಕಾಣೆ. ನಾನೇ ಹೇಳುತ್ತೇನೆ. ಮುಂಜಾನೆ ಅದು ಕಲ್ಲಿನಂತೆ ಗಟ್ಟಿ. ಬಿಸಿಲೇರಿದಂತೆ ಉಪ್ಪಿಟ್ಟಿನ ರವೆ. ಮಧ್ಯಾಹ್ನಕ್ಕೆ ಅಂಬಲಿ. ಜಾರಲು ಹಿತವಾದದ್ದು ರವೆಯ ಹೊತ್ತೊಂದೇ, ಅದು ಬಂತು ಎನ್ನುವಷ್ಟರಲ್ಲಿ ಹೋಗಿರುತ್ತದೆ.

ಹೋಗಿ ನೋಡಿದರೆ ತೆರೆದಿದ್ದದ್ದು ಒಂದೇ ಇಳಿಜಾರು, ಕಲಿಯುವ ಮಕ್ಕಳದ್ದು. ಎರಡು ಬದಿಗೂ ಒಣಹುಲ್ಲು, ನಡುವೆ ಪಂಚೆ ಹಾಸಿದಂತೆ ಒಂದಿಷ್ಟು ಬಿಳುಪು. ಆಂಟಿಯ ಮಾತು ಕೇಳಿ ನಾವು ಇದ್ದಬದ್ದದ್ದನ್ನೆಲ್ಲ ಒಂದರ ಮೇಲೊಂದು ಹೇರಿಕೊಂಡಿದ್ದೆವು. ವರ್ಷವಿಡೀ ಸೆಕೆಯಲ್ಲಿ ಬದುಕುವವರಿಗೆ ಚಳಿಯಲ್ಲಿ ಹೆಚ್ಚು ಕಡಿಮೆ ಉಂಟೆಂಬುದೇ ಹೊಳೆಯುವುದಿಲ್ಲ. ಅಲ್ಲಿಯವರು ತೆಳು ಅಂಗಿಯಲ್ಲಿ ಓಡಾಡುತ್ತಿದ್ದರು. ಬೆವರಿಗೆ ಬೇಸತ್ತು ಅಷ್ಟು ದೂರ ಹಾರಿ ಬಂದ ನಾವು ಹಿಮದ ಮೇಲೆ ನಿಂತು ಬೆವರಿದೆವು. ತೊಟ್ಟದ್ದನ್ನು ಕಳಚಿ, ಅರ್ಧ ಮತ್ತೆ ತೊಟ್ಟು ಹೊರಡುವಷ್ಟರಲ್ಲಿ ರವೆಯ ಹೊತ್ತು ಮುಗಿದಿತ್ತು.

ಮಗಳು ಅನಘಾ ನೀರಾಡುತ್ತಿದ್ದ ಹಿಮವನ್ನು ಬೂಟಿನಿಂದ ಕೆದಕಿ, "ಅಪ್ಪ, ಇದು ಹಾಕರ್ ಸೆಂಟರ್ ತಿಂಡಿ ಅಂಗಡೀಲಿ ಕೊಡೋ ತುರಿದ ಐಸ್ ಥರ ಇದೆ ಲಾ. ಸಿರಪ್ ಮಾತ್ರ ಇಲ್ಲ" ಎಂದು ಸಿಂಗಪುರದ ಮಕ್ಕಳ ರಾಗದಲ್ಲಿ ಹೇಳಿ ಹಾಟ್ ಚಾಕೊಲೇಟ್ ಹುಡುಕಿಕೊಂಡು ಹೋದಳು.

ವಸುಧಾ ಮಾತ್ರ ಮೇಲೆ ಹೋದಳು. ನಾನು ಕೆಳಗೆ ನಿಂತು ನಂಜುಂಡೇಶ್ವರನಿಗೆ ಹರಕೆ ಹೊತ್ತೆ, ಬೀಳದಿರಲಿ ಎಂದಲ್ಲ, ಒಂದು ಸಲ ಪೂರ್ತಿ ಜಾರಿ ಬರಲಿ ಎಂದು. ಅರ್ಧದವರೆಗೆ ಚೆನ್ನಾಗಿಯೇ ಬಂದಳು. ಅಲ್ಲಿ ಅಂಬಲಿ ಅವಳ ಸ್ಕೀಗಳನ್ನು ಹಿಡಿದು ನಿಲ್ಲಿಸಿತು. ಅವಳು ಮೆಲ್ಲಗೆ ಕುಸಿದು ಕುಳಿತುಬಿಟ್ಟಳು. ನಾನು ಭಾರದ ಬೂಟುಗಳನ್ನು ಎಳೆಯುತ್ತ, ಏದುಸಿರು ಬಿಡುತ್ತ ಹತ್ತಿ ಹೋದೆ. ಕೇಳಿದ್ದೊಂದೇ, ಅದೂ ಪೂರ್ತಿಯಾಗಲಿಲ್ಲವಲ್ಲ ಎಂದು ನನಗೆ ಅಳುವೇ ಬಂದಿತ್ತು. ಕೈ ಚಾಚಿದೆ.

"ಎಬ್ಬಿಸ್ಬೇಡ್ರೀ" ಎಂದಳು. "ಇಲ್ಲೇ ಚೆನ್ನಾಗಿದೆ. ನೀವೂ ಕೂತ್ಕೊಳಿ."

ತಲೆಯೆತ್ತಿ ಮೇಲೆ ನೋಡಿದೆ. ಹಿಮ ಚೆನ್ನಾಗಿ ಬಿದ್ದ ವರ್ಷವಾಗಿದ್ದರೆ ಹತ್ತಾರು ಜನ ಹಿಂದಿನಿಂದ ಜಾರಿ ಬರುತ್ತಿದ್ದರು, ದಾರಿ ಬಿಡಿ ಎನ್ನುತ್ತಿದ್ದರು. ಆ ದಿನ ಇಳಿಜಾರು ಖಾಲಿಯಿತ್ತು. ಪಕ್ಕದಲ್ಲಿ ಕುಳಿತೆ, ತಣ್ಣೀರು ನಿಧಾನವಾಗಿ ಪ್ಯಾಂಟಿನೊಳಗೆ ಇಳಿಯಿತು. ಅವಳು ಕಣ್ಣು ಮುಚ್ಚಿ ಮುಖವನ್ನು ಬಿಸಿಲಿಗೆ ಒಡ್ಡಿದಳು. ಬಹಳ ಹೊತ್ತಿನವರೆಗೂ ಅವಳಿಗೆ ಏಳು ಎನ್ನುವವರು ಯಾರೂ ಬರಲಿಲ್ಲ.